ಎರಡು ವಾರ್‌ಹ್ಯಾಮರ್, ಲೋಕ ಒಂದೇನಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕದ್ರಿಯ ಒಂದು ಮನೆಯ ಮಹಡಿಯಲ್ಲಿ ನಾವು ಕೆಲವರು ಭಾನುವಾರ ಮಧ್ಯಾಹ್ನ ವಾರ್‌ಹ್ಯಾಮರ್ ಆಡಲು ಸೇರುತ್ತೇವೆ. ಮೇಜಿನ ಮೇಲೆ ಬೊಂಬೆ ಸೇನೆಗಳನ್ನು ನಿಲ್ಲಿಸಿ, ದಾಳ ಹಾಕಿ ಆಡುವ ಯುದ್ಧದ ಆಟ ಅದು. ಎರಡು ಬೆಂಚು, ಅದರ ಮೇಲೊಂದು ಪ್ಲೈವುಡ್ ಹಲಗೆ. ಆರಡಿ ಉದ್ದ, ನಾಲ್ಕಡಿ ಅಗಲ. ಉಡುಪಿ, ಮಣಿಪಾಲದಿಂದ ಬಸ್ಸು ಹತ್ತಿ ಬರುವವರೂ ಇದ್ದಾರೆ. ಬೆನ್ನಿಗೆ ಬ್ಯಾಗು, ಬ್ಯಾಗಿನೊಳಗೆ ಸ್ಪಂಜಿನ ನಡುವೆ ಜೋಪಾನವಾಗಿಟ್ಟ ಮಿನಿಗಳು, ಅಂದರೆ ಆಟದ ಪುಟ್ಟ ಬೊಂಬೆಗಳು. ಹೋದ ತಿಂಗಳು ಹೊಸದಾಗಿ ಬಂದ ಹುಡುಗನೊಬ್ಬ ಒಂದು ಕೆಂಪು ಡೀಮನ್ (ದೆವ್ವ) ಮಿನಿ ಎತ್ತಿ ಹಿಡಿದು ಕೇಳಿದ: "ಅಣ್ಣಾ, ಇದು ಕತ್ತಿ ಗುರಾಣಿಯ ಆಟದಲ್ಲೂ ಉಂಟು, ರಾಕೆಟ್ಟಿನ ಆಟದಲ್ಲೂ ಉಂಟು. ಹಾಗಾದರೆ ಎರಡೂ ಒಂದೇ ಲೋಕವಾ?"

ಹೊಸಬರು ಬಂದಾಗೆಲ್ಲ ಈ ಪ್ರಶ್ನೆ ಬರುತ್ತದೆ. ಆಟ ನಿಲ್ಲಿಸಿ ಗಂಟೆಗಟ್ಟಲೆ ಮಾತಾಡಿದ್ದೇವೆ. ಆ ಮಾತನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಯಾವ ಎರಡು ಆಟಗಳ ಮಾತು ಇದು?

ಎರಡೂ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯವು. ಮೊದಲನೆಯದು 1983ರಲ್ಲಿ ಬಂದ ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್. ಕತ್ತಿ, ಗುರಾಣಿ, ಮಾಟಮಂತ್ರ, ಡ್ರ್ಯಾಗನ್, ಎಲ್ಫ್, ಡ್ವಾರ್ಫ್, ಓರ್ಕ್. ಎರಡನೆಯದು 1987ರಲ್ಲಿ ಬಂದ ವಾರ್‌ಹ್ಯಾಮರ್ 40,000. ನಾವೆಲ್ಲ ಫಾರ್ಟಿ-ಕೆ ಅನ್ನುತ್ತೇವೆ. ಇದು 41ನೇ ಸಹಸ್ರಮಾನದ ಕಥೆ. ನಕ್ಷತ್ರಗಳ ನಡುವೆ ಹಡಗುಗಳು, ಸ್ಪೇಸ್ ಮರೀನ್ ಎಂಬ ಎಂಟಡಿ ಎತ್ತರದ ಯೋಧರು, ಚಿನ್ನದ ಸಿಂಹಾಸನದಲ್ಲಿ ಹತ್ತು ಸಾವಿರ ವರ್ಷದಿಂದ ಕೂತಿರುವ ಎಂಪರರ್.

ಎರಡರ ಹಿಂದೆಯೂ ರಿಕ್ ಪ್ರೀಸ್ಟ್ಲಿ ಎಂಬ ಲೇಖಕರ ಕೈ ಉಂಟು. ಮೊದಲ ಆಟವನ್ನು ಅವರು ಬ್ರಯನ್ ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್ ಜೊತೆ ಸೇರಿ ಮಾಡಿದರು. ಎರಡನೆಯದರ ಮೊದಲ ಪುಸ್ತಕ ಬರೆದದ್ದೂ ಅವರೇ.

ಎರಡೂ ಒಂದೇ ಲೋಕ ಅನ್ನುವ ಮಾತು ಹುಟ್ಟಿದ್ದು ಎಲ್ಲಿ?

ಕಂಪನಿಯ ಸ್ವಂತ ಪುಸ್ತಕಗಳಲ್ಲೇ. ಇದು ಅಭಿಮಾನಿಗಳು ಸುಮ್ನೆ ಕಟ್ಟಿದ ಕಥೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

1988ರಲ್ಲಿ ಮತ್ತು 1990ರಲ್ಲಿ 'ರೆಲ್ಮ್ ಆಫ್ ಕೇಯಾಸ್' ಎಂಬ ಹೆಸರಿನಲ್ಲಿ ಎರಡು ದಪ್ಪ ಸಂಪುಟಗಳು ಬಂದವು. ಖೋರ್ನ್, ನರ್ಗಲ್, ಝೀಂಚ್, ಸ್ಲಾನೇಶ್ ಎಂಬ ನಾಲ್ಕು ಕೇಯಾಸ್ ದೇವರುಗಳ ವಿವರ ಅವುಗಳಲ್ಲಿ ತುಂಬಿತ್ತು. ಕೇಯಾಸ್ ಅಂದರೆ ಎರಡೂ ಕಥೆಗಳಲ್ಲಿ ಲೋಕವನ್ನು ಕೆಡಿಸಲು ನೋಡುವ ದುಷ್ಟ ಶಕ್ತಿ, ಡೀಮನ್‌ಗಳು ಅದರ ಸೇನೆ. ಮುಖ್ಯ ವಿಷಯ ಏನೆಂದರೆ, ಆ ಪುಸ್ತಕಗಳು ಎರಡೂ ಆಟಗಳಿಗೆ ಸೇರಿದ್ದವು. ಒಂದೇ ರಟ್ಟಿನೊಳಗೆ ಕುದುರೆ ಏರಿದ ಕೇಯಾಸ್ ಯೋಧನೂ ಇದ್ದ, ದ್ರೋಹ ಬಗೆದ ಸ್ಪೇಸ್ ಮರೀನ್‌ನೂ ಇದ್ದ. ಅದನ್ನು ಓದಿ ಬೆಳೆದವರಿಗೆ ಎರಡು ಲೋಕ ಬೇರೆ ಅಂತ ಅನ್ನಿಸೋದಾದರೂ ಹೇಗೆ?

ಹೆಸರುಗಳನ್ನೂ ನೋಡಿ. ಓರ್ಕ್‌ಗಳ ದೇವರು ಅಲ್ಲೂ ಗೋರ್ಕ್ ಮತ್ತು ಮೋರ್ಕ್, ಇಲ್ಲೂ ಗೋರ್ಕ್ ಮತ್ತು ಮೋರ್ಕ್. ಎಲ್ಫ್‌ಗಳು ನೆನೆಯುವ ಅಸೂರಿಯನ್, ಇಶಾ, ಖೈನ್ ಎಂಬ ದೇವರುಗಳನ್ನೇ ನಕ್ಷತ್ರಲೋಕದ ಎಲ್ಫ್‌ಗಳಾದ ಎಲ್ಡಾರ್‌ಗಳೂ ನೆನೆಯುತ್ತಾರೆ. ಫ್ಯಾಂಟಸಿಯ ಕಪ್ಪೆಮುಖದ ಸ್ಲಾನ್ ಜನಾಂಗ 1987ರ ಫಾರ್ಟಿ-ಕೆ ಪುಸ್ತಕದಲ್ಲೂ ಇತ್ತು.

ಇನ್ನೊಂದು ಬೇರು ಹಳೆಯದು. ಎಂಟು ದಿಕ್ಕಿಗೆ ಬಾಣ ಚಾಚಿದ ಕೇಯಾಸ್ ಚಿಹ್ನೆ ಮೂಲದಲ್ಲಿ ಮೈಕಲ್ ಮೂರ್ಕಾಕ್ ಎಂಬ ಇಂಗ್ಲಿಷ್ ಕಾದಂಬರಿಕಾರರ ಕಲ್ಪನೆ. ಅವರ ಕಥೆಗಳಲ್ಲಿ ಲೋಕಗಳು ಹಲವು, ಅವುಗಳ ನಡುವೆ ಓಡಾಟವೂ ಉಂಟು. ಚಿಹ್ನೆಯ ಜೊತೆಗೆ ಆ ಯೋಚನೆಯೂ ವಾರ್‌ಹ್ಯಾಮರ್ ಒಳಗೆ ಬಂದಿದೆ ಅಂತ ನನಗನ್ನಿಸುತ್ತದೆ.

ಒಂದೇ ಮಿನಿಯನ್ನು ಎರಡು ಆಟದಲ್ಲಿ ಬಳಸಬಹುದು ಅನ್ನೋದು ನಿಜವಾ?

ಡೀಮನ್‌ಗಳ ಮಟ್ಟಿಗೆ ನಿಜ. 2008ರಲ್ಲಿ ಡೀಮನ್ ಸೇನೆಗೆ ಎರಡು ಪುಸ್ತಕ ಬಂದವು. ಒಂದು ಫ್ಯಾಂಟಸಿಗೆ, ಇನ್ನೊಂದು ಫಾರ್ಟಿ-ಕೆಗೆ. ಮಿನಿಗಳು ಮಾತ್ರ ಅವೇ. ಸ್ಕಲ್‌ಟೇಕರ್, ಎಪಿಡೆಮಿಯಸ್, ಚೇಂಜ್ಲಿಂಗ್‌ನಂಥ ಹೆಸರಿರುವ ಡೀಮನ್‌ಗಳು ಎರಡೂ ಪುಸ್ತಕದಲ್ಲಿ ಇದ್ದಾವೆ. ಅದೇ ಹೆಸರು, ಅದೇ ಚಾಳಿ.

ನನ್ನ ಹತ್ತಿರ ಆ ಕಾಲದ ಬ್ಲಡ್‌ಲೆಟರ್ ಪೆಟ್ಟಿಗೆ ಇದೆ. ಅದರಲ್ಲಿ ಹತ್ತು ಡೀಮನ್, ಜೊತೆಗೆ ಎರಡು ಬಗೆಯ ಬೇಸ್. ಚೌಕದ್ದು ಫ್ಯಾಂಟಸಿಗೆ, ಸಾಲಾಗಿ ಒತ್ತೊತ್ತಿಗೆ ನಿಲ್ಲಿಸಲು. ದುಂಡಗಿನದ್ದು ಫಾರ್ಟಿ-ಕೆಗೆ, ಚದುರಿ ಓಡಾಡಲು. ಎರಡರ ಅಳತೆಯೂ 25 ಮಿಲಿಮೀಟರ್. ಪೆಟ್ಟಿಗೆ ತೆರೆದ ದಿನ ಐದು ಚೌಕ, ಐದು ದುಂಡು ಅಂತ ಮೇಜಿನ ಮೇಲೆ ಹರಡಿಕೊಂಡು ತುಂಬ ಹೊತ್ತು ನೋಡುತ್ತ ಕೂತಿದ್ದೆ. ಅದೇ ಕೊಂಬು, ಅದೇ ಉದ್ದ ನಾಲಿಗೆ, ಅದೇ ಕತ್ತಿ. ಕಾಲ ಕೆಳಗಿನ ಪ್ಲಾಸ್ಟಿಕ್ ಬಿಲ್ಲೆ ಬದಲಾದರೆ ಲೋಕ ಬದಲಾಯಿತು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಗುಟ್ಟು ಆ ಬಿಲ್ಲೆಯಲ್ಲೇ ಇದೆ.

ಫ್ಯಾಂಟಸಿ ಲೋಕ ಫಾರ್ಟಿ-ಕೆ ಗ್ಯಾಲಕ್ಸಿಯ ಒಂದು ಗ್ರಹ ಅಂತಾರಲ್ಲ?

ಇದು ಎಲ್ಲಕ್ಕಿಂತ ಹೆಸರಾದ ಥಿಯರಿ. ಫಾರ್ಟಿ-ಕೆಯಲ್ಲಿ ವಾರ್ಪ್ ಅಂತ ಒಂದು ಆಚೆಲೋಕ ಉಂಟು. ಹಡಗುಗಳು ಅದರ ಮೂಲಕವೇ ದೂರ ಹೋಗುತ್ತವೆ, ಡೀಮನ್‌ಗಳು ಇರುವುದೂ ಅಲ್ಲೇ. ಕೆಲವೊಮ್ಮೆ ವಾರ್ಪ್‌ನಲ್ಲಿ ಬಿರುಗಾಳಿ ಎದ್ದು ಇಡೀ ಗ್ರಹಗಳನ್ನು ನೂರಾರು ವರ್ಷ ಮುಚ್ಚಿಬಿಡುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕಡಲಿಗೆ ಇಳಿಯಲಾಗದೆ ಮಲ್ಪೆಯಲ್ಲಿ ದೋಣಿಗಳು ದಡ ಸೇರಿ ನಿಂತಿರುತ್ತವಲ್ಲ, ಹಾಗೆ. ಯಾರೂ ಹೋಗುವ ಹಾಗಿಲ್ಲ, ಯಾರೂ ಬರುವ ಹಾಗಿಲ್ಲ. ಫ್ಯಾಂಟಸಿ ಲೋಕ ಅಂಥ ಬಿರುಗಾಳಿಯ ಹಿಂದೆ ಸಿಕ್ಕಿಬಿದ್ದ ಗ್ರಹ, ಅದಕ್ಕೇ ಎಂಪರರ್‌ನ ಹಡಗು ಅಲ್ಲಿಗೆ ಮುಟ್ಟಿಲ್ಲ ಅನ್ನುತ್ತಾರೆ ಈ ಥಿಯರಿಯವರು.

ಅವರ ಪರವಾಗಿ ಒಂದು ಲೆಕ್ಕ ಹೇಳುತ್ತೇನೆ. ಇದು ನಾನೇ ಕೂತು ಕೂಡಿಸಿದ್ದು. ಫಾರ್ಟಿ-ಕೆ ಕಥೆಯಲ್ಲಿ ಸ್ಲಾನೇಶ್ ಹುಟ್ಟಿದ್ದು ಎಲ್ಡಾರ್‌ಗಳ ಪತನದ ಹೊತ್ತಿಗೆ, ಅಂದರೆ ಇವತ್ತಿನ ಆಟದ ಕಾಲಕ್ಕಿಂತ ಹತ್ತು ಸಾವಿರ ವರ್ಷಕ್ಕೂ ಹಿಂದೆ. ಫ್ಯಾಂಟಸಿಯಲ್ಲಿ ಡೀಮನ್‌ಗಳು ಎಲ್ಫ್‌ಗಳ ದ್ವೀಪವಾದ ಉಲ್ತುವಾನ್ ಮೇಲೆ ಮೊದಲು ಬಿದ್ದದ್ದು ಏನೇರಿಯನ್ ಎಂಬ ರಾಜನ ಕಾಲದಲ್ಲಿ, ಕಥೆಯ 'ಈಗ'ಕ್ಕಿಂತ ಸುಮಾರು 7,000 ವರ್ಷ ಹಿಂದೆ. ಆ ಸೇನೆಯಲ್ಲಿ ಸ್ಲಾನೇಶ್‌ನ ದೊಡ್ಡ ಡೀಮನ್ ಕೂಡ ಇತ್ತು. ಮೊದಲು ಹುಟ್ಟು, ಆಮೇಲೆ ದಾಳಿ. ಎರಡು ಕಥೆಗಳ ಕಾಲವನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುವುದಿಲ್ಲ.

ಆದರೂ ನಾನು ಈ ಥಿಯರಿಯನ್ನು ಒಪ್ಪುವುದಿಲ್ಲ. ಕಾರಣ 2015. ಅದಕ್ಕೆ ಮುಂದೆ ಬರುತ್ತೇನೆ.

ಆ ಲೋಕ ನಮ್ಮ ಭೂಮಿಯೇ ಅಂತ ಹೇಳುವವರೂ ಇದ್ದಾರಲ್ಲ?

ನಕ್ಷೆ ನೋಡಿದರೆ ಹಾಗೆ ಅನ್ನಿಸುತ್ತದೆ. ಲಸ್ಟ್ರಿಯಾ ಎಂಬ ನಾಡು ಇರುವ ಜಾಗ ದಕ್ಷಿಣ ಅಮೆರಿಕದ ಹಾಗೆಯೇ ಇದೆ. ಆದರೆ ಆ ಲೋಕಕ್ಕೆ ಚಂದ್ರ ಎರಡು, ಮ್ಯಾನ್‌ಸ್ಲೀಬ್ ಮತ್ತು ಮಾರ್‌ಸ್ಲೀಬ್. ಫಾರ್ಟಿ-ಕೆಯಲ್ಲಿ ಭೂಮಿ ಬೇರೆಯೇ ಇದೆ, ಹೆಸರು ಟೆರ್ರಾ. ಈ ಥಿಯರಿ ನಿಲ್ಲುವುದಿಲ್ಲ.

'ಓಲ್ಡ್ ಒನ್ಸ್' ಎರಡೂ ಕಡೆ ಇದ್ದಾರೆ. ಇದಕ್ಕಿಂತ ಸಾಕ್ಷಿ ಬೇಕಾ?

ಒಳ್ಳೆಯ ಸಾಕ್ಷಿಯೇ. ಫ್ಯಾಂಟಸಿಯಲ್ಲಿ ಓಲ್ಡ್ ಒನ್ಸ್ ನಕ್ಷತ್ರಗಳಿಂದ ಬಂದವರು. ಸ್ಲಾನ್‌ಗಳು ಅವರ ಸೇವಕರು. ಲೋಕದ ಎರಡು ಧ್ರುವಗಳಲ್ಲೂ ದೊಡ್ಡ ದ್ವಾರ ಕಟ್ಟಿದರು. ಅವು ಕುಸಿದಾಗ ಕೇಯಾಸ್ ಒಳಗೆ ನುಗ್ಗಿತು. ಫಾರ್ಟಿ-ಕೆಯಲ್ಲೂ ಅದೇ ಹೆಸರಿನ ಪುರಾತನ ಜನಾಂಗ ಉಂಟು. 2002ರಲ್ಲಿ ನೆಕ್ರಾನ್ ಎಂಬ ಸೇನೆಗೆ ಬಂದ ಪುಸ್ತಕದಲ್ಲಿ ಅವರ ಕಥೆ ವಿವರವಾಗಿ ಬಂತು. ಅವರೂ ನಕ್ಷತ್ರಗಳ ನಡುವೆ ದಾರಿ ಮಾಡಿದವರು. ಅವರೂ ಬೇರೆ ಜನಾಂಗಗಳನ್ನು ರೂಪಿಸಿದವರು.

ತೊಡಕು ಕಾಲದ್ದು. ಫಾರ್ಟಿ-ಕೆಯ ಓಲ್ಡ್ ಒನ್ಸ್ ಸೋತದ್ದು ಸುಮಾರು ಆರು ಕೋಟಿ ವರ್ಷ ಹಿಂದೆ. ಫ್ಯಾಂಟಸಿಯವರದ್ದು ಸಾವಿರಾರು ವರ್ಷಗಳ ಲೆಕ್ಕ. "ಕೆಲವರು ತಪ್ಪಿಸಿಕೊಂಡು ಮೂಲೆಯ ಗ್ರಹವೊಂದಕ್ಕೆ ಬಂದಿರಬಹುದು" ಅಂತ ನಮ್ಮ ಗುಂಪಿನ ಒಬ್ಬರು ವಾದಿಸುತ್ತಾರೆ. ಬರಲಿ. ಅಷ್ಟು ಕೋಟಿ ವರ್ಷ ಎಲ್ಲಿದ್ದರು ಅಂತ ಕೇಳಿದರೆ ಅವರು ಚಹಾ ತರಲು ಎದ್ದು ಹೋಗುತ್ತಾರೆ. ವಾದ ಮುಂದಿನ ಭಾನುವಾರಕ್ಕೆ ಹೋಗುತ್ತದೆ.

ಸಿಗ್ಮಾರ್ ಕಾಣೆಯಾದ ಪ್ರೈಮಾರ್ಕ್ ಅಂತಾರೆ. ನೀವು ನಂಬುತ್ತೀರಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸ್ವಲ್ಪ ನಿಧಾನವಾಗಿ ನೋಡೋಣ.

ಫಾರ್ಟಿ-ಕೆಯಲ್ಲಿ ಎಂಪರರ್ ಪ್ರೈಮಾರ್ಕ್ ಎಂಬ ಇಪ್ಪತ್ತು ಅತಿಮಾನುಷ ಮಕ್ಕಳನ್ನು ಸೃಷ್ಟಿಸಿದ. ಕೂಸುಗಳಾಗಿದ್ದಾಗಲೇ ಕೇಯಾಸ್ ಅವರನ್ನು ತೊಟ್ಟಿಲ ಸಮೇತ ವಾರ್ಪ್ ಮೂಲಕ ಗ್ಯಾಲಕ್ಸಿಯ ತುಂಬ ಚೆಲ್ಲಿಬಿಟ್ಟಿತು. ಅವರಲ್ಲಿ ಎರಡನೆಯವನ ಮತ್ತು ಹನ್ನೊಂದನೆಯವನ ಹೆಸರು, ಕಥೆ ಎಲ್ಲವನ್ನೂ ದಾಖಲೆಯಿಂದ ಅಳಿಸಲಾಗಿದೆ. ಖಾಲಿ ಜಾಗ ಕಂಡರೆ ಕಥೆ ಪ್ರಿಯರು ಬಿಡುತ್ತಾರಾ?

ಈಗ ಫ್ಯಾಂಟಸಿಗೆ ಬನ್ನಿ. ಸಿಗ್ಮಾರ್ ಹುಟ್ಟಿದಾಗ ಆಕಾಶದಲ್ಲಿ ಎರಡು ಬಾಲದ ಧೂಮಕೇತು ಕಂಡಿತು. ಅದು ಪ್ರೈಮಾರ್ಕ್‌ನ ತೊಟ್ಟಿಲು ಬೀಳುತ್ತಿದ್ದದ್ದು ಅನ್ನುತ್ತಾರೆ. ಅವನು ಓರ್ಕ್‌ಗಳ ಕೈಯಿಂದ ಡ್ವಾರ್ಫ್ ರಾಜ ಕುರ್ಗಾನ್‌ನನ್ನು ಬಿಡಿಸಿದ. ಆ ಉಪಕಾರಕ್ಕೆ ಗಾಲ್ ಮರಾಜ್ ಎಂಬ ಸುತ್ತಿಗೆ ಸಿಕ್ಕಿತು. ಚದುರಿದ ಬುಡಕಟ್ಟುಗಳನ್ನೆಲ್ಲ ಸೇರಿಸಿ ಒಂದು ಸಾಮ್ರಾಜ್ಯ ಕಟ್ಟಿದ. ಐವತ್ತು ವರ್ಷ ಆಳಿದ ಮೇಲೆ ಕಿರೀಟ ಇಳಿಸಿ ಪೂರ್ವಕ್ಕೆ ನಡೆದು ಕಾಣೆಯಾದ. ಅಷ್ಟು ಬಲ, ಅಷ್ಟು ತೇಜಸ್ಸು, ಕೊನೆಗೆ ಜನ ದೇವರೆಂದು ಪೂಜಿಸುವುದು. ಎಲ್ಲವೂ ಪ್ರೈಮಾರ್ಕ್ ಕಥೆಯ ಅಚ್ಚಿಗೆ ಹೊಂದುತ್ತದೆ. ಕಾಲ ಹೊಂದುವುದಿಲ್ಲ ಅಂದರೆ, ವಾರ್ಪ್ ಒಳಗೆ ಕಾಲ ನೇರವಾಗಿ ಹರಿಯುವುದಿಲ್ಲ, ತೊಟ್ಟಿಲು ತಡವಾಗಿ ಹೊರಬಿತ್ತು ಅಂತ ಉತ್ತರ ಸಿದ್ಧ.

ಎದುರು ವಾದ ಒಂದೇ ಒಂದು, ಆದರೆ ಗಟ್ಟಿ. ಸಿಗ್ಮಾರ್‌ಗೆ ಅಪ್ಪ ಇದ್ದಾನೆ. ಉನ್‌ಬೆರೋಗನ್ ಬುಡಕಟ್ಟಿನ ನಾಯಕ ಬ್ಯೋರ್ನ್. ಸಿಗ್ಮಾರ್ ಅವನ ಸ್ವಂತ ಮಗ, ಕಾಡಿನಲ್ಲಿ ಸಿಕ್ಕಿದ ಕೂಸಲ್ಲ. ಧೂಮಕೇತು ಹುಟ್ಟಿನ ಶಕುನ, ಬಂದ ವಾಹನ ಅಲ್ಲ. ನನಗೆ ಈ ಥಿಯರಿಯ ಮೇಲೆ ಪ್ರೀತಿ ಇದೆ, ನಂಬಿಕೆ ಇಲ್ಲ.

2015ರಲ್ಲಿ ಅಂಥಾದ್ದೇನಾಯಿತು?

ಫ್ಯಾಂಟಸಿ ಲೋಕವೇ ಮುಗಿದುಹೋಯಿತು. 2014-15ರಲ್ಲಿ 'ಎಂಡ್ ಟೈಮ್ಸ್' ಸರಣಿಯಲ್ಲಿ ಕಂಪನಿ ತಾನೇ 30 ವರ್ಷ ಬೆಳೆಸಿದ ಲೋಕವನ್ನು ಒಡೆದು ಹಾಕಿತು. ನಮ್ಮಲ್ಲಿ ಕೆಲವರು ಆಗ ತಿಂಗಳುಗಟ್ಟಲೆ ಬಣ್ಣದ ಬ್ರಶ್ ಮುಟ್ಟಲಿಲ್ಲ. ಬೇಸರ ಅಷ್ಟು ಜಾಸ್ತಿ ಇತ್ತು.

ಆಮೇಲೆ ಅದರ ಜಾಗಕ್ಕೆ 'ಏಜ್ ಆಫ್ ಸಿಗ್ಮಾರ್' ಎಂಬ ಹೊಸ ಆಟ ಬಂತು. ಒಡೆದ ಲೋಕದ ಉಳಿದ ತಿರುಳನ್ನು ತಬ್ಬಿಕೊಂಡು ಸಿಗ್ಮಾರ್ ಶೂನ್ಯದಲ್ಲಿ ತೇಲಿದ. ಡ್ರಾಕೋಥಿಯನ್ ಎಂಬ ನಕ್ಷತ್ರ ಡ್ರ್ಯಾಗನ್ ಅವನನ್ನು ಕಂಡಿತು. ಅಲ್ಲಿಂದ ಮಾರ್ಟಲ್ ರೆಲ್ಮ್ಸ್ ಎಂಬ ಎಂಟು ಹೊಸ ಲೋಕಗಳ ಕಥೆ ಶುರು. ಅವು ಗ್ರಹಗಳಲ್ಲ, ಮಾಂತ್ರಿಕ ಶಕ್ತಿ ಹೆಪ್ಪುಗಟ್ಟಿ ಆದ ಲೋಕಗಳು.

ಈಗ ಗ್ರಹದ ಥಿಯರಿ ನೋಡಿ. ಒಂದು ಗ್ರಹ ಒಡೆದರೆ ಫಾರ್ಟಿ-ಕೆ ಗ್ಯಾಲಕ್ಸಿಗೆ ಅದು ಸಣ್ಣ ಸುದ್ದಿ. ಆದರೆ ಎಂಟು ಮಾಂತ್ರಿಕ ಲೋಕಗಳನ್ನು ಆ ಗ್ಯಾಲಕ್ಸಿಯಲ್ಲಿ ಎಲ್ಲಿಡುತ್ತೀರಿ? ಜಾಗವೇ ಇಲ್ಲ. ಹಾಗಾಗಿ ನನ್ನ ಉತ್ತರ ಹೀಗೆ: ಲೋಕಗಳು ಬೇರೆ, ಕೇಯಾಸ್ ಒಂದೇ. ಅರಬ್ಬಿ ಕಡಲು ಪಣಂಬೂರಿಗೂ ತಾಗುತ್ತದೆ, ಆಚೆ ಅರಬ್ ನಾಡಿನ ದಡಕ್ಕೂ ತಾಗುತ್ತದೆ. ನೀರು ಅದೇ, ಊರು ಬೇರೆ.

2024ರ ಜನವರಿಯಲ್ಲಿ ಹಳೇ ಲೋಕ 'ದಿ ಓಲ್ಡ್ ವರ್ಲ್ಡ್' ಹೆಸರಿನಲ್ಲಿ ಮತ್ತೆ ಮೇಜಿಗೆ ಬಂತು. ಅದು ಲೋಕ ಒಡೆಯುವುದಕ್ಕೆ ಶತಮಾನಗಳ ಹಿಂದಿನ ಕಥೆ.

ಕೇಯಾಸ್ ಒಂದೇ ಆದರೆ ಸ್ಲಾನೇಶ್ ಒಂದು ಕಡೆ ಸೆರೆಯಲ್ಲಿ, ಇನ್ನೊಂದು ಕಡೆ ಆರಾಮಾಗಿ ಇರೋದು ಹೇಗೆ?

ನನ್ನ ನಿಲುವಿಗೆ ಬೀಳುವ ಅತ್ಯಂತ ಕಷ್ಟದ ಪೆಟ್ಟು ಇದು. ಕೇಳಿದವಳು ಎಂಜಿನಿಯರಿಂಗ್ ಓದುವ ಹುಡುಗಿ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ.

ವಿಷಯ ಹೀಗಿದೆ. ಏಜ್ ಆಫ್ ಸಿಗ್ಮಾರ್‌ನಲ್ಲಿ ಎಲ್ಫ್ ದೇವರುಗಳಾದ ಟೆಕ್ಲಿಸ್, ಟೈರಿಯನ್ ಮತ್ತು ಅವರ ಜೊತೆಯವರು ಸ್ಲಾನೇಶ್‌ನನ್ನು ಹಿಡಿದು ಕಟ್ಟಿಹಾಕಿದ್ದಾರೆ. ಅವನು ತಿಂದಿದ್ದ ಎಲ್ಫ್ ಆತ್ಮಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಾರೆ. ಫಾರ್ಟಿ-ಕೆಯಲ್ಲಿ ಅದೇ ಸ್ಲಾನೇಶ್ ಎಲ್ಡಾರ್ ಆತ್ಮಗಳಿಗಾಗಿ ಬಾಯಿ ತೆರೆದು ಕೂತಿದ್ದಾನೆ. ಸಾಲದ್ದಕ್ಕೆ ಏಜ್ ಆಫ್ ಸಿಗ್ಮಾರ್‌ನಲ್ಲಿ ಇಲಿಮನುಷ್ಯರ ದೇವರು ಗ್ರೇಟ್ ಹಾರ್ನ್ಡ್ ರ‍್ಯಾಟ್ ಕೂಡ ಕೇಯಾಸ್ ದೊಡ್ಡವರ ಸಾಲಿಗೆ ಏರಿದ್ದಾನೆ. ಫಾರ್ಟಿ-ಕೆಯ ನಾಲ್ವರ ಸಾಲಿನಲ್ಲಿ ಅವನಿಗೆ ಜಾಗವಿಲ್ಲ.

ಈಗ ನಾನು ಹೇಳುವ ಉತ್ತರ: ವಾರ್ಪ್‌ನಲ್ಲಿ 'ಮೊದಲು', 'ಆಮೇಲೆ' ಇಲ್ಲ. ಒಂದು ದಡದಿಂದ ನೋಡಿದವರಿಗೆ ಸೆರೆಯ ಸ್ಲಾನೇಶ್ ಕಾಣುತ್ತಾನೆ, ಇನ್ನೊಂದು ದಡದವರಿಗೆ ಬೇರೆ ಹೊತ್ತಿನ ಸ್ಲಾನೇಶ್. ಆ ಹುಡುಗಿಗೆ ಇದು ಪೂರ್ತಿ ಒಪ್ಪಿಗೆ ಆಗಿಲ್ಲ. ಅವಳ ಆಕ್ಷೇಪ ನ್ಯಾಯವಾದದ್ದೇ, ಯಾಕೆಂದರೆ ಕಾಲದ ನೆಪ ಹೇಳಿ ಯಾವ ತೂತನ್ನಾದರೂ ಮುಚ್ಚಬಹುದು.

ಒಂದೇ ಪಾತ್ರ ಎರಡು ಕಥೆಯಲ್ಲಿ ಬಂದರೆ ಗೊಂದಲ ಆಗಲ್ವಾ?

ಇದನ್ನು ಕೇಳಿದ್ದು ಆ ಮನೆಯ ಅಮ್ಮ, ಬನ್ಸ್ ತಟ್ಟೆ ಹಿಡಿದುಕೊಂಡು ಬಂದವರು. ನಾನು ಬಾಯಿ ತೆರೆಯುವ ಮೊದಲು ಅವರೇ ಉತ್ತರ ಹೇಳಿದರು: "ಜಾಂಬವತಿ ಕಲ್ಯಾಣದಲ್ಲಿ ಜಾಂಬವ ಬರುವುದಿಲ್ವಾ ಮಾರಾಯ್ರೆ?"

ಎಷ್ಟು ಸರಿ! ರಾಮನ ಜೊತೆ ಲಂಕೆಗೆ ಹೋದ ಜಾಂಬವ ಕೃಷ್ಣನ ಕಥೆಯಲ್ಲಿ ಮತ್ತೆ ಬರುತ್ತಾನೆ. ಸ್ಯಮಂತಕ ಮಣಿಗಾಗಿ ಕೃಷ್ಣನ ಜೊತೆ ದಿನಗಟ್ಟಲೆ ಹೋರಾಡುತ್ತಾನೆ. ಕೊನೆಗೆ ಎದುರಿಗಿರುವವನು ತನ್ನ ರಾಮನೇ ಅಂತ ಗೊತ್ತಾಗುತ್ತದೆ. ಯಕ್ಷಗಾನದಲ್ಲಿ ಆ ಘಳಿಗೆಗೆ ರಾತ್ರಿಯಿಡೀ ಕಾದು ಕೂತವರ ಕಣ್ಣು ಒದ್ದೆಯಾಗುತ್ತದೆ. ಸೌಗಂಧಿಕಾ ಹೂ ತರಲು ಹೊರಟ ಭೀಮನ ದಾರಿಗೆ ಹನುಮಂತ ಬಾಲ ಅಡ್ಡ ಚಾಚಿ ಮಲಗುತ್ತಾನೆ. ಪರಶುರಾಮ ಎರಡೂ ಕಥೆಯಲ್ಲಿ ಇದ್ದಾನೆ. ನಾವು ಯಾರೂ ಚೌಕಿಗೆ ಹೋಗಿ ಇದು ಯಾವ ಯುಗ, ಲೆಕ್ಕ ತೋರಿಸಿ ಅಂತ ಕೇಳಿದವರಲ್ಲ.

ಒಂದು ವ್ಯತ್ಯಾಸ ಮಾತ್ರ ಉಂಟು. ಜಾಂಬವನಿಗೆ ಹಳೆಯದು ನೆನಪಿದೆ. ಫಾರ್ಟಿ-ಕೆಯ ಸ್ಕಲ್‌ಟೇಕರ್‌ಗೆ ತಾನು ಇನ್ನೊಂದು ಲೋಕದಲ್ಲಿ ತಲೆ ಕಡಿದದ್ದು ನೆನಪಿದೆಯಾ? ಅದನ್ನು ಹೇಳುವ ಒಂದು ಕಥೆ ಓದಲು ನನಗೆ ತುಂಬ ಆಸೆ.

ಏಜ್ ಆಫ್ ಸಿಗ್ಮಾರ್‌ನ ಸ್ಟಾರ್ಮ್‌ಕಾಸ್ಟ್ ಯೋಧರು ಅಂದರೆ ಸ್ಪೇಸ್ ಮರೀನ್‌ಗಳೇ ಅಲ್ವಾ?

ನೋಡಲು ಹೌದು. ದೊಡ್ಡ ಭುಜಕವಚ, ದೊಡ್ಡ ಮೈ. ಕಥೆ ಬೇರೆ. ಸ್ಪೇಸ್ ಮರೀನ್ ಆಗುವುದು ಶಸ್ತ್ರಚಿಕಿತ್ಸೆಯಿಂದ. ಸ್ಟಾರ್ಮ್‌ಕಾಸ್ಟ್ ಆಗುವುದು ಸಿಗ್ಮಾರ್ ಮಿಂಚಿನಲ್ಲಿ ಎತ್ತಿಕೊಂಡು ಹೋಗಿ ಮತ್ತೆ ಎರಕ ಹೊಯ್ದಾಗ. ಸತ್ತರೆ ಮತ್ತೆ ಎರಕ, ಪ್ರತಿ ಸಲವೂ ನೆನಪು ಸ್ವಲ್ಪ ಸವೆಯುತ್ತದೆ.

ಬೇರೆ ಕಂಪನಿಗಳ ಆಟದಲ್ಲೂ ಇಂಥದ್ದು ಉಂಟಾ?

ಉಂಟು. ನಾಟಿಂಗ್‌ಹ್ಯಾಮ್‌ನದ್ದೇ ಆದ ಮ್ಯಾಂಟಿಕ್ ಗೇಮ್ಸ್‌ಗೆ 'ಕಿಂಗ್ಸ್ ಆಫ್ ವಾರ್' ಎಂಬ ಫ್ಯಾಂಟಸಿ ಆಟವೂ 'ವಾರ್‌ಪಾತ್' ಎಂಬ ಬಾಹ್ಯಾಕಾಶದ ಆಟವೂ ಇದೆ. ಅಲ್ಲಿ ಡ್ವಾರ್ಫ್‌ಗಳಿದ್ದರೆ ಇಲ್ಲಿ ಫೋರ್ಜ್ ಫಾದರ್ಸ್, ಅಲ್ಲಿ ಓರ್ಕ್‌ಗಳಿದ್ದರೆ ಇಲ್ಲಿ ಮರಾಡರ್ಸ್. ಪಾತ್ರಗಳೂ ದೇವರುಗಳೂ ಹಂಚಿಕೆಯಾಗಿಲ್ಲದ ಕಾರಣ ಥಿಯರಿ ಕಟ್ಟಲು ಹಿಡಿ ಸಿಗುವುದಿಲ್ಲ.

ಎರಡು ಲೋಕವನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಬಹುದಾ?

ನಾವು ನಿಲ್ಲಿಸಿದ್ದೇವೆ. ಫಾರ್ಟಿ-ಕೆಯ ಏಳನೇ ಆವೃತ್ತಿಯವರೆಗೆ ಎರಡೂ ಆಟದ ಅಂಕಿಗಳು ಒಂದೇ ಮನೆಯವು: ವೆಪನ್ ಸ್ಕಿಲ್, ಸ್ಟ್ರೆಂತ್, ಟಫ್‌ನೆಸ್, ಇನಿಷಿಯೇಟಿವ್ ಹೀಗೆ. 2017ರ ಎಂಟನೇ ಆವೃತ್ತಿಯಲ್ಲಿ ಫಾರ್ಟಿ-ಕೆ ಇನಿಷಿಯೇಟಿವ್ ಕೈಬಿಟ್ಟಿತು. ಹಾಗಾಗಿ ಹಳೇ ಪುಸ್ತಕಗಳನ್ನೇ ತೆಗೆದುಕೊಳ್ಳಿ.

ನಾವು ಆಡಿದ್ದು ಜುಲೈಯ ಒಂದು ಜಡಿಮಳೆಯ ದಿನ. ಮಂಗಳೂರು ಹಂಚಿನ ಚೂರುಗಳಿಂದ ಕೋಟೆ, ಮುರಕಲ್ಲು ಕುಟ್ಟಿದ ಕೆಂಪು ಪುಡಿಯಿಂದ ನೆಲ. ಧ್ರುವದ ಮುರಿದ ದ್ವಾರದಿಂದ ಹತ್ತು ಸ್ಪೇಸ್ ಮರೀನ್‌ಗಳು ಹೊರಬೀಳುತ್ತಾರೆ, ಎದುರಿಗೆ ಅರವತ್ತು ಓರ್ಕ್. ಮರೀನ್‌ಗಳ ಬಂದೂಕು ಬೋಲ್ಟರ್‌ನ ಸ್ಟ್ರೆಂತ್ 4, ಓರ್ಕ್‌ನ ಟಫ್‌ನೆಸ್ 4. ಎರಡೂ ಆಟದ ಪಟ್ಟಿಯಲ್ಲಿ ದಾಳ 4 ಅಥವಾ ಮೇಲೆ ಬಿದ್ದರೆ ಗಾಯ. ಅಲ್ಲಿಯವರೆಗೆ ಎಲ್ಲ ಸಲೀಸು. ಜಗಳ ಎದ್ದದ್ದು ಕವಚಕ್ಕೆ. ಫ್ಯಾಂಟಸಿಯಲ್ಲಿ ಹೊಡೆತದ ಸ್ಟ್ರೆಂತ್ 4 ಆದರೆ ಕವಚ ಒಂದು ಅಂಕ ಕಮ್ಮಿಯಾಗುತ್ತದೆ, ಫಾರ್ಟಿ-ಕೆಯಲ್ಲಿ ಹಾಗಿಲ್ಲ. ಮೇಜು ಯಾವ ಲೋಕದ್ದೋ ಆ ಲೋಕದ ನಿಯಮ ಅಂತ ತೀರ್ಮಾನವಾಯಿತು. ಆರನೇ ಸುತ್ತಿಗೆ ಒಬ್ಬನೇ ಮರೀನ್ ಹಂಚಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ, ಸುತ್ತ ಏಳು ಓರ್ಕ್. ಅವನನ್ನು ಪೆಟ್ಟಿಗೆಗೆ ಹಾಕುವಾಗ ಎಲ್ಲರಿಗೂ ಸಂಕಟವಾಯಿತು.

ಡೀಮನ್ ಸೇನೆ ಶುರುಮಾಡಬೇಕು. ಚೌಕದ ಬೇಸ್ ಹಾಕಲಾ, ದುಂಡಗಿನದಾ?

ದುಂಡಗಿನದು ಹಾಕಿ. ಫಾರ್ಟಿ-ಕೆಗೂ ಏಜ್ ಆಫ್ ಸಿಗ್ಮಾರ್‌ಗೂ ಅದೇ ನಡೆಯುತ್ತದೆ. ಹಳೇ ಆಟಕ್ಕೆ ಸಾಲು ಬೇಕಾದಾಗ ದುಂಡು ಗುಳಿಗಳಿರುವ ಚೌಕದ ಟ್ರೇಯೊಳಗೆ ಕೂರಿಸಿದರಾಯಿತು. ಬಣ್ಣದ ಮೇಲೆ ವಾರ್ನಿಶ್ ಸ್ಪ್ರೇ ಮಾಡುವುದಿದ್ದರೆ ಮಳೆಗಾಲದಲ್ಲಿ ಬೇಡ. ನಮ್ಮ ಊರಿನ ತೇವಕ್ಕೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಮೂರು ವಾರ ಕೂತು ಕೆಂಪು ಬಳಿದ ನನ್ನ ಬ್ಲಡ್‌ಲೆಟರ್‌ಗಳು ಒಂದೇ ಸಂಜೆಯಲ್ಲಿ ಬೂದಿ ಮೆತ್ತಿದ ಹಾಗಾದವು. ಬ್ರಶ್‌ನಲ್ಲಿ ಹಚ್ಚುವ ವಾರ್ನಿಶ್ ತಗೊಳ್ಳಿ, ಇಲ್ಲವಾದರೆ ದೀಪಾವಳಿ ಕಳೆಯುವವರೆಗೆ ಕಾಯಿರಿ.

ಆ ಹೊಸ ಹುಡುಗ ಟ್ರೇ ಮಾಡಲು ಹಾರ್ಡ್‌ವೇರ್ ಅಂಗಡಿಯಿಂದ ಮೂರು ಮಿಲಿಮೀಟರ್ ದಪ್ಪದ ಹಲಗೆ ತಂದಿದ್ದಾನೆ. ಈ ಭಾನುವಾರ ಗುಳಿ ಕೊರೆಯುವ ಕೆಲಸ. ನಿಮ್ಮ ಹತ್ತಿರ 25 ಮಿಲಿಮೀಟರ್ ಗುಳಿ ಕೊರೆಯುವ ಡ್ರಿಲ್ ಬಿಟ್ ಇದ್ದರೆ ತನ್ನಿ.